ಚಕ್ರ ತಿರುಗಿಸುವ ಕೈ

ಒಂದು ವಾದ್ಯದ ಚರಿತ್ರೆ ಎಂದರೆ ಅದನ್ನು ಹಿಡಿದ ಕೈಗಳ ಚರಿತ್ರೆಯೂ ಹೌದು. ಯುರೋಪಿನ ಹರ್ಡಿ-ಗರ್ಡಿಯಷ್ಟು ಬಗೆಬಗೆಯ ಕೈಗಳನ್ನು ಕಂಡ ವಾದ್ಯ ಅಪರೂಪ. ಸ್ಪೇನಿನ ಸಾಂತಿಯಾಗೊ ದೆ ಕೊಂಪೊಸ್ತೆಲಾ ಚರ್ಚಿನಲ್ಲಿ, 1188ರ ಸುಮಾರಿನ ಕಲ್ಲಿನ ಕೆತ್ತನೆಯೊಂದರಲ್ಲಿ, ಇಬ್ಬರು ವೃದ್ಧರು ಇದರ ಪೂರ್ವರೂಪವನ್ನು ತೊಡೆಗಳ ಮೇಲೆ ಅಡ್ಡಲಾಗಿ ಇಟ್ಟುಕೊಂಡು ಕೂತಿದ್ದಾರೆ. ಮುಂದೆ ಇದು ಅಂಧ ಭಿಕ್ಷುಕರ ಹೊಟ್ಟೆಪಾಡಾಯಿತು. ಹದಿನೆಂಟನೇ ಶತಮಾನದಲ್ಲಿ ಫ್ರಾನ್ಸಿನ ರಾಣಿ ಮಾರಿ ಲೆಶ್ಚಿನ್ಸ್ಕಾಳ ತೊಡೆಯನ್ನೂ ಏರಿತು. ಆದರೆ ಇದರ ಜನಪದ ಧಾಟಿಗಳನ್ನು ನಿಜಕ್ಕೂ ಕೇಳಿಸಿಕೊಂಡವರು ಯಾರು? ನಮ್ಮನ್ನು ಕಾಡುವ ಪ್ರಶ್ನೆ ಇದು.

ಸಾರಂಗಿಯಲ್ಲಿ ಕಮಾನು ಮಾಡುವ ಕೆಲಸವನ್ನು ಇಲ್ಲಿ ರಾಳ ಸವರಿದ ಮರದ ಚಕ್ರ ಮಾಡುತ್ತದೆ. ಬಲಗೈ ಹಿಡಿಕೆಯನ್ನು ತಿರುಗಿಸಿದಂತೆ ಚಕ್ರವು ತಂತಿಗಳನ್ನು ತೀಡುತ್ತದೆ. ಎಡಗೈ ಕೀಲಿಗಳನ್ನು ಒತ್ತಿ ಧಾಟಿ ನುಡಿಸುತ್ತದೆ. ಉಳಿದ ತಂತಿಗಳು ತಂಬೂರಿಯಂತೆ ಎಡೆಬಿಡದೆ ಶ್ರುತಿ ಹಿಡಿದಿರುತ್ತವೆ. ಚಕ್ರಕ್ಕೆ ತಾಗುವ ಕಡೆ ತಂತಿಗೆ ಹತ್ತಿ ಸುತ್ತಿರಬೇಕು. ಹತ್ತಿ ಹೆಚ್ಚಾದರೆ ದನಿ ಮಂಕು, ಕಡಿಮೆಯಾದರೆ ಕಿರುಚು. ಇಷ್ಟೇ ಆಗಿದ್ದರೆ ಇದನ್ನು ಒಂದು ಜಾಣ ಯಂತ್ರ ಎಂದು ಬಿಟ್ಟುಬಿಡಬಹುದಿತ್ತು. ಜೀವ ಇರುವುದು ಶ್ರುತಿಯ ಒಂದು ತಂತಿಯ ಕೆಳಗೆ ಸಡಿಲವಾಗಿ ನಿಂತ ಸಣ್ಣ ಮರದ ತುಂಡಿನಲ್ಲಿ. ಫ್ರೆಂಚರು ಇದನ್ನು 'ಶಿಯೆಂ', ಅಂದರೆ ನಾಯಿ ಎನ್ನುತ್ತಾರೆ. ಚಕ್ರ ಸಮವಾಗಿ ತಿರುಗುವಾಗ ನಾಯಿ ಮಲಗಿರುತ್ತದೆ. ಮಣಿಕಟ್ಟು ಒಮ್ಮೆ ಚುರುಕಾಗಿ ತಳ್ಳಿತೋ, ಅದು ಹಲಗೆಯ ಮೇಲೆ ಅದುರಿ ಗುರ್ ಎನ್ನುತ್ತದೆ. ಆ ಗುರುಗುಟ್ಟುವಿಕೆಯೇ ಕುಣಿಯುವವರಿಗೆ ತಾಳ.

ಮಧ್ಯ ಫ್ರಾನ್ಸಿನ 'ಬೂರೇ' ಕುಣಿತದ ಧಾಟಿಗಳನ್ನೇ ನೋಡಿ. ಬೆರಿ ಸೀಮೆಯ ಕೆಲವೆಡೆ ಇದು ಎರಡು ಪೆಟ್ಟಿನದು, ಓವೆರ್ನ್ಯದಲ್ಲಿ ಹೆಚ್ಚಾಗಿ ಮೂರು ಪೆಟ್ಟಿನದು. ಅಚ್ಚಾದ ಸ್ವರಲಿಪಿಯಲ್ಲಿ ಇವು ಬಡಕಲಾಗಿ ಕಾಣುತ್ತವೆ: ಬೆರಳೆಣಿಕೆಯ ಸ್ವರಗಳು, ಮತ್ತೆ ಮತ್ತೆ ಬರುವ ಎರಡು ಸಾಲುಗಳು. ಆದರೆ ಸ್ವರಲಿಪಿ ಸಾಮಾನ್ಯವಾಗಿ ಬರೆದಿಡುವುದು ಎಡಗೈಯ ಕೆಲಸವನ್ನು ಮಾತ್ರ. ಬಲಗೈ ಎಲ್ಲಿ ತಳ್ಳಿತು, ಎಲ್ಲಿ ಸುಮ್ಮನಿತ್ತು ಎಂಬುದು ಗುರುವಿನ ಪಕ್ಕದಲ್ಲಿ ಕೂತು ಕಲಿಯಬೇಕಾದ ವಿದ್ಯೆ. ಧಾಟಿಯ ಅರ್ಧ ಪ್ರಾಣ ಕಾಗದದ ಹೊರಗೇ ಉಳಿಯುತ್ತದೆ.

ಅರಮನೆಗೆ ಬೇಕಾಗಿದ್ದು ಹಳ್ಳಿಯ ಸಂಗೀತವಲ್ಲ, ಹಳ್ಳಿಯ ವೇಷ. ವರ್ಸೈಯ ವಾದ್ಯಗಾರ ಆಂರಿ ಬಾತೋಂ ಹಳೆಯ ಗಿಟಾರುಗಳ ಒಡಲಿಗೆ ಚಕ್ರ ಕೂರಿಸಿ ಶ್ರೀಮಂತರಿಗೆ ಅಂದದ ವಾದ್ಯಗಳನ್ನು ಮಾಡಿಕೊಟ್ಟ. 1737ರಲ್ಲಿ ನಿಕೊಲಾ ಶೆದ್‌ವೀಲ್ ಎಂಬಾತ ತನ್ನ ರಚನೆಗಳನ್ನು ಇಟಲಿಯ ವಿವಾಲ್ಡಿಯ ಹೆಸರಿನಲ್ಲಿ ಅಚ್ಚು ಹಾಕಿಸಿದ. ನಿಜ ಬಯಲಾದದ್ದು ಇಪ್ಪತ್ತನೇ ಶತಮಾನದಲ್ಲಿ. ಈ ವಾದ್ಯದಲ್ಲೂ ನುಡಿಸಬಹುದಾದ ಆ ಸಂಪುಟದ ಹೆಸರು 'ನಂಬಿಗಸ್ತ ಕುರುಬ'. ಕುರಿಯ ವಾಸನೆ ತಾಗದ ಕುರುಬ!

ಕರುಣೆಯಿಂದ ನೋಡಿದವರಾದರೂ ಕೇಳಿಸಿಕೊಂಡರೇ? ಷೂಬರ್ಟನ 1827ರ 'ವಿಂಟರ್‌ರೈಸ' ಗೀತಮಾಲೆಯ ಕೊನೆಯ ಹಾಡಿನಲ್ಲಿ ಊರಾಚೆಯ ಮಂಜಿನಲ್ಲಿ ಬರಿಗಾಲ ಮುದುಕನೊಬ್ಬ ಚಕ್ರ ತಿರುಗಿಸುತ್ತಿದ್ದಾನೆ, ತಟ್ಟೆ ಖಾಲಿ. ಪಿಯಾನೋದ ಎಡಗೈ ಮೊದಲಿನಿಂದ ಕೊನೆಯವರೆಗೆ ಒಂದೇ ಶ್ರುತಿ ಹಿಡಿದಿದೆ. ಇದು ದೊಡ್ಡ ಕೃತಿ, ತಕರಾರಿಲ್ಲ. ಆದರೆ ಅದರಲ್ಲಿ ಕೇಳುವುದು ಶ್ರುತಿ ಮತ್ತು ಚಳಿ. ನಾಯಿಯೂ ಇಲ್ಲ, ಕುಣಿಯುವ ಕಾಲೂ ಇಲ್ಲ. ಅದೇ ಶತಮಾನದಲ್ಲಿ ಬೂರ್ಬೊನೆ ಸೀಮೆಯ ಜಾಂಜಾ ಎಂಬ ಹಳ್ಳಿಯಲ್ಲಿ ಪಾಜೊ ಮನೆತನದವರು ತಲೆಮಾರಿನಿಂದ ತಲೆಮಾರಿಗೆ ಈ ವಾದ್ಯವನ್ನು ಮಾಡುತ್ತಿದ್ದರು. ಆ ಸೀಮೆಯಲ್ಲಿ ಮದುವೆಯ ದಿಬ್ಬಣದ ಮುಂದೆ ನಡೆಯುತ್ತಿದ್ದವನೂ ಇದನ್ನು ನುಡಿಸುವವನೇ. ಭಿಕ್ಷುಕನ ಚಿತ್ರ ಜಗತ್ತಿಗೆ ಗೊತ್ತಾಯಿತು, ದಿಬ್ಬಣದ ಮುಂದಿದ್ದವನದು ಗೊತ್ತಾಗಲಿಲ್ಲ.

ಇಂದು ಈ ವಾದ್ಯಕ್ಕೆ ಮತ್ತೆ ಕದರು ಬಂದಿದೆ. ಸ್ವಿಟ್ಜರ್ಲೆಂಡಿನ ಎಲ್ವೇಟಿ ತಂಡ 2008ರಲ್ಲಿ ಬ್ರಿಟನಿಯ 'ತ್ರಿ ಮಾರ್ತೊಲೊದ್' ಧಾಟಿಯನ್ನು ತನ್ನ 'ಇನಿಸ್ ಮೋನಾ' ಹಾಡಿಗೆ ತಂದಾಗ ಹರ್ಡಿ-ಗರ್ಡಿಯ ಹೆಸರೇ ಕೇಳದ ಹುಡುಗರೂ ಅದನ್ನು ಗುನುಗಿದರು. ಇದನ್ನು ನಾವು ಹಗುರಾಗಿ ಕಾಣುವುದಿಲ್ಲ. ಆದರೆ ಡ್ರಮ್ಮು ತಾಳ ಹಿಡಿದ ಮೇಲೆ ಮಣಿಕಟ್ಟಿಗೆ ಕೆಲಸವೇನು? ಧಾಟಿ ಉಳಿಯುತ್ತದೆ, ಅದನ್ನು ನಡೆಸುತ್ತಿದ್ದ ಕೈ ಮೂಲೆಗೆ ಸರಿಯುತ್ತದೆ. ಒಬ್ಬಂಟಿಯಾಗಿ ವೇದಿಕೆ ಏರುವವರಲ್ಲೂ ಕೆಲವರು ಬೆರಳಿನ ವೇಗಕ್ಕೆ ಮರುಳಾಗಿ ಬೂರೇಯನ್ನು ಓಟದ ಪಂದ್ಯ ಮಾಡುತ್ತಾರೆ. ಚಪ್ಪಾಳೆ ಬೀಳುತ್ತದೆ, ಕುಣಿತ ಸತ್ತಿರುತ್ತದೆ.

ಬೆರಿಯ ಸಾಂ-ಶಾರ್ತಿಯೆಯಲ್ಲಿ 1976ರಲ್ಲಿ ಶುರುವಾಗಿ ಬಳಿಕ ಹತ್ತಿರದ ಆರ್ಸ್ ಕೋಟೆಮನೆಗೆ ಹೋದ ಮೇಳದಲ್ಲಿ ಹಗಲು ವಾದ್ಯಗಾರರ ಮಳಿಗೆಗಳಿದ್ದರೆ ರಾತ್ರಿ ಹಲಗೆ ಹಾಸಿನ ಮೇಲೆ ಕುಣಿತ. ಆ ಹಲಗೆ ಹಾಸು ನಮಗೆ ಯಾವ ವಿಮರ್ಶಕನಿಗಿಂತಲೂ ನಂಬಿಕೆಯದು. ಈ ಧಾಟಿಗಳನ್ನು ಧ್ವನಿಮುದ್ರಿಕೆಯಲ್ಲಿ ಕೇಳುವ ಓದುಗರು ಒಮ್ಮೆ ಬೆರಳುಗಳನ್ನು ಮರೆತು ಆ ಗುರುಗುಟ್ಟುವಿಕೆಗೆ ಕಿವಿಗೊಡಲಿ. ಅದು ತಪ್ಪದ ಕಡೆ ಹೆಜ್ಜೆಯೂ ತಪ್ಪುವುದಿಲ್ಲ.