ಮಾತಿನ ಫ್ಯೂಗ್
ಕೆನಡಾದ ಪಿಯಾನೋ ವಾದಕ ಗ್ಲೆನ್ ಗೂಲ್ಡ್ 1964ರಲ್ಲಿ ವೇದಿಕೆ ಬಿಟ್ಟರು. 1967ರಲ್ಲಿ ಸಿಬಿಸಿ ರೇಡಿಯೊಗೆ ‘ದಿ ಐಡಿಯಾ ಆಫ್ ನಾರ್ತ್’ ಮಾಡಿದರು: ಉತ್ತರದ ಹಿಮನಾಡನ್ನು ಬಲ್ಲ ಐವರ ಮಾತು. ಆರಂಭದಲ್ಲೇ ನರ್ಸ್ ಒಬ್ಬಾಕೆ ಮಾತಾಡುತ್ತಿರುವಾಗ ಮತ್ತೊಬ್ಬರ ದನಿ ನುಸುಳುತ್ತದೆ, ಆಮೇಲೆ ಇನ್ನೊಂದು. ಗದ್ದಲವೇ? ಅಲ್ಲ. ಬಾಖ್‌ನ ಫ್ಯೂಗ್‌ನಲ್ಲಿ ಎಳೆಯ ಮೇಲೆ ಎಳೆ ಸೇರುವ ಕ್ರಮವನ್ನೇ ಗೂಲ್ಡ್ ಮಾತಿಗೆ ಒಗ್ಗಿಸಿದ್ದಾರೆ. ಐವರನ್ನೂ ಬೇರೆ ಬೇರೆಯಾಗಿ ಸಂದರ್ಶಿಸಿ, ಟೇಪು ಕತ್ತರಿಸಿ ಅಂಟಿಸಿ ಹೆಣೆದ ಸಂಭಾಷಣೆಯಿದು. ಅಡಿಯಲ್ಲಿ ರೈಲಿನ ಸದ್ದು, ತಂಬೂರಿಯ ಶ್ರುತಿಯಂತೆ. ಎಲ್ಲ ಮಾತೂ ಕಿವಿಗೆ ದಕ್ಕುವುದಿಲ್ಲ, ನಿಜ. ಬರೀ ಮಾಹಿತಿ ಬೇಕೆಂದು ಕೂತವರಿಗೆ ಸಿಟ್ಟು ಬಂದೀತು. ನನಗೋ ಆ ಧಾರಾಳತನವೇ ಇಷ್ಟ: ಯಾವ ದನಿಯ ಬೆನ್ನು ಹತ್ತಬೇಕೆಂಬುದು ಕೇಳುಗನಿಗೇ ಬಿಟ್ಟದ್ದು. ಕೊನೆಯಲ್ಲಿ ಸಿಬೇಲಿಯಸ್‌ನ ಐದನೇ ಸಿಂಫನಿ ಏರಿ ಬರುವುದು ಮಾತ್ರ ತುಸು ಅತಿಯಾಯಿತು.