ಕಾಕಾ ಕೊಟ್ಟ ಹತ್ತು ರೂಪಾಯಿ

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಕಾಕಾ ಗೋಡೆಯ ಗೂಡಿನಿಂದ ಒಂದು ಪಾಕೀಟು ತೆಗೆದು ನನ್ನ ಮುಂದಿಟ್ಟರು. ನಾನೇ ಕಳಿಸಿದ್ದು. ಕೆನೆಬಣ್ಣದ ದಪ್ಪ ಪಾಕೀಟು, ಮುಂದೆ ನನ್ನ ಫೌಂಟನ್ ಪೆನ್ನಿನ ಅಕ್ಷರ, ಹಿಂದೆ ಕೆಂಪು ಅರಗಿನ ಮುದ್ರೆ. ಬೆಂಗಳೂರಿನಿಂದ ಶಿಗ್ಗಾಂವ ಮುಟ್ಟುವಷ್ಟರಲ್ಲಿ ಮುದ್ರೆ ಅರ್ಧ ಪುಡಿಯಾಗಿತ್ತು.

"ಇದಕ್ಕ ಹತ್ತ ರೂಪಾಯಿ ಕೊಟ್ಟು ಬಿಡಿಸಿಕೊಂಡೇನಿ ನೋಡ ತಮ್ಮಾ" ಅಂದರು.

ನನಗೆ ಅರ್ಥವಾಗಲಿಲ್ಲ. ಐದು ರೂಪಾಯಿ ಸ್ಟ್ಯಾಂಪು ಹಚ್ಚಿದ್ದೆನಲ್ಲ? ಬೆಂಗಳೂರಿಗೆ ವಾಪಸ್ ಬಂದ ಮೇಲೆ ಅದೇ ಥರದ ಹಾಳೆ, ಪಾಕೀಟು, ಅರಗು ಎಲ್ಲವನ್ನೂ ಅಡುಗೆಮನೆಯ ತೂಕದ ಮಷೀನಿನ ಮೇಲೆ ಇಟ್ಟೆ. 120 ಜಿಎಸ್‌ಎಂನ ನಾಲ್ಕು ಎ5 ಹಾಳೆ 15 ಗ್ರಾಂ, ಪಾಕೀಟು 6, ಅರಗು 2. ಒಟ್ಟು 23. ನಮ್ಮ ದೇಶದೊಳಗಿನ ಸಾದಾ ಪತ್ರಕ್ಕೆ 20 ಗ್ರಾಮಿಗೆ ಐದು ರೂಪಾಯಿ, ಅದರ ಮೇಲೆ ಒಂದು ಗ್ರಾಂ ಹೆಚ್ಚಾದರೂ ಇನ್ನೊಂದು ಐದು. ನಾನು ಹಚ್ಚಿದ್ದರಲ್ಲಿ ಐದು ರೂಪಾಯಿ ಕಡಿಮೆ ಇತ್ತು. ಕಡಿಮೆ ಬಿದ್ದದ್ದರ ಎರಡರಷ್ಟನ್ನು ಪತ್ರ ಪಡೆಯುವವರಿಂದ ವಸೂಲು ಮಾಡುವುದು ಅಂಚೆಯ ನಿಯಮ. ತಪ್ಪು ನನ್ನದೇ. ದಂಡ ಕಟ್ಟಿದ್ದು ಮಾತ್ರ ನಿವೃತ್ತ ಪ್ರಾಥಮಿಕ ಶಾಲೆ ಮಾಸ್ತರು.

ಈ ಪತ್ರ ಬರೆಯುವ ಹವ್ಯಾಸ ನಮ್ಮಂಥವರಲ್ಲಿ ಮತ್ತೆ ಶುರುವಾಗಿದೆ, ನಿಮಗೂ ಗೊತ್ತಿರುತ್ತದೆ. ಇಡೀ ದಿನ ಸ್ಕ್ರೀನು ನೋಡಿ ಸಾಕಾದವರು ಸಂಜೆ ಮಸಿ ತುಂಬಿಕೊಂಡು ಕೂರುತ್ತೇವೆ. ನಾನೂ ಹಾಗೇ ಶುರು ಮಾಡಿದೆ. ಖರ್ಚು ಎಷ್ಟಾಗುತ್ತದೆ ಎಂದು ಯಾರಾದರೂ ಕೇಳಿದರೆ ಸಿದ್ಧ ಉತ್ತರಗಳಿವೆ: ತಿಂಗಳಿಗಿಷ್ಟು ಅಂತ ಬಜೆಟ್ ಇಟ್ಟುಕೊಳ್ಳಿ, ಒಟ್ಟಿಗೆ ತೊಗೊಳ್ಳಿ ಅಗ್ಗ ಬೀಳುತ್ತದೆ, ಪಾಕೀಟು ಮನೆಯಲ್ಲೇ ಮಾಡಿ, ಹಳೇ ಕ್ಯಾಲೆಂಡರ್ ಬಿಸಾಡಬೇಡಿ. ಈ ಸಲಹೆಗಳ ಮೇಲೆ ನನಗೆ ತಕರಾರಿದೆ. ಇವೆಲ್ಲ ಹಾಳೆ ಕೊಳ್ಳುವವನ ಲೆಕ್ಕ. ಪತ್ರ ಅಂದರೆ ಇಬ್ಬರ ವ್ಯವಹಾರ ಅನ್ನುವುದು ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ.

ಮೊದಲು ನನ್ನ ಲೆಕ್ಕವನ್ನೇ ಹೇಳಿಬಿಡುತ್ತೇನೆ, ನಾಚಿಕೆ ಆದರೂ. ಹದಿನಾಲ್ಕು ತಿಂಗಳಲ್ಲಿ 7,460 ರೂಪಾಯಿ. ಪೆನ್ನು ಎರಡು, ಮಸಿ ಐದು ಬಣ್ಣ, ಜಪಾನಿನ ಟೊಮೊಯೆ ರಿವರ್ ಹಾಳೆಯ ಒಂದು ಪ್ಯಾಡು, ಪಾಕೀಟಿನ ಸೆಟ್ಟುಗಳು, ಅರಗು, ಮುದ್ರೆ, ಅಂಟಿಸುವ ಹೂವಿನ ಟೇಪು. ಅಷ್ಟೂ ತಿಂಗಳಲ್ಲಿ ಕಳಿಸಿದ ಪತ್ರ ಎಂಟು. ಭಾಗಿಸಿದರೆ ಒಂದಕ್ಕೆ 932 ರೂಪಾಯಿ 50 ಪೈಸೆ. ಕೊನೆಯ ಆ 50 ಪೈಸೆ ಇದೆಯಲ್ಲ, ಇದನ್ನು ಬರೆಯುವ ಹೊತ್ತಿಗೆ ಒಂದು ಪೋಸ್ಟ್ ಕಾರ್ಡಿನ ಬೆಲೆ ಅಷ್ಟೇ.

ಒಟ್ಟಿಗೆ ಕೊಂಡರೆ ಅಗ್ಗ ಎನ್ನುವ ಮಾತು ನನ್ನನ್ನು ಹಾಳು ಮಾಡಿದಷ್ಟು ಬೇರೆ ಯಾವುದೂ ಮಾಡಲಿಲ್ಲ. ನಮ್ಮ ಕೆಲಸದಲ್ಲಿ ಇದು ಗೊತ್ತಿರುವ ರೋಗ: ಬಳಸುವವರು ಹತ್ತು ಜನ ಇಲ್ಲ, ಹತ್ತು ಲಕ್ಷ ಜನಕ್ಕೆ ಸಾಕಾಗುವಷ್ಟು ಸರ್ವರ್ ತೊಗೊಂಡು ಕೂತಿರುತ್ತೇವೆ. ನೂರು ಪಾಕೀಟಿನ ಕಟ್ಟಿನಲ್ಲಿ ಒಂದಕ್ಕೆ ನಾಲ್ಕು ರೂಪಾಯಿ ಉಳಿತಾಯ ಆಯಿತು ಅಂತ ಖುಷಿಪಟ್ಟೆ. ತೊಂಬತ್ತೆರಡು ಇನ್ನೂ ಕಪಾಟಿನಲ್ಲಿವೆ, ಮಳೆಗಾಲದ ತೇವಕ್ಕೆ ಅರ್ಧದಷ್ಟು ತಾವೇ ಅಂಟಿಕೊಂಡಿವೆ. ಮನೆಯಲ್ಲೇ ಪಾಕೀಟು ಮಾಡುವುದೂ ಅಷ್ಟೇ. ಒಂದು ಭಾನುವಾರ ಪೂರ್ತಿ ಕತ್ತರಿ, ಗೋಂದು ಹಿಡಿದು ಹನ್ನೆರಡು ಪಾಕೀಟು ಮಾಡಿದೆ. ಆ ಭಾನುವಾರ ಪತ್ರ ಒಂದೂ ಬರೆಯಲಿಲ್ಲ. ತಯಾರಿಯೇ ಕೆಲಸದ ಹಾಗೆ ಕಾಣತೊಡಗಿತು. ಈ ಸೆಟ್ಟುಗಳನ್ನು ಮಾರುವವರು ಮಾರುವುದೂ ಇದನ್ನೇ: ಬರೆಯುವ ಮುಂಚಿನ ಸುಖ.

ಹಾಗಂತ ಒಳ್ಳೆ ಹಾಳೆಯೇ ಬೇಡ ಅನ್ನುತ್ತಿಲ್ಲ. ಫೌಂಟನ್ ಪೆನ್ನಿನಲ್ಲಿ ಪೋಸ್ಟ್ ಕಾರ್ಡಿನ ಮೇಲೆ ಬರೆದು ನೋಡಿ, ಮಸಿ ಹರಡಿ ಒತ್ತಕ್ಷರವೆಲ್ಲ ಮುದ್ದೆಯಾಗುತ್ತದೆ. ಇನ್‌ಲೆಂಡಿನಲ್ಲಿ ಮಸಿ ಆಚೆ ಬದಿಗೆ ಮೂಡುತ್ತದೆ. ಕನ್ನಡಕ್ಕೆ ಸಾಲಿನ ಕೆಳಗೂ ಜಾಗ ಬೇಕು. ಇಂಗ್ಲಿಷ್ ಬರೆಯುವವರಿಗೆಂದು ಹತ್ತಿರ ಹತ್ತಿರ ಗೆರೆ ಎಳೆದ ಹಾಳೆಯಲ್ಲಿ 'ಕರ್ತೃತ್ವ' ಅಂತ ಬರೆದರೆ ಕೆಳಗಿನ ಸಾಲಿನವರು ಜಗಳಕ್ಕೆ ಬರುತ್ತಾರೆ. ಆದರೆ ಇದಕ್ಕೆ ಹಾಳೆಗೆ ಹನ್ನೆರಡು ರೂಪಾಯಿ ಕೊಡಬೇಕಿಲ್ಲ. ನಮ್ಮ ಕಡೆಯಿಂದ ದೂರವೇನಲ್ಲದ ದಾಂಡೇಲಿಯಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ 1950ರ ದಶಕದಿಂದ ಕಾಗದ ಮಾಡುತ್ತಿದೆ. ಆಫೀಸಿನ ಪ್ರಿಂಟರಿಗೆ ಹಾಕುವ 75 ಜಿಎಸ್‌ಎಂನ ಸಾದಾ ಎ4 ಹಾಳೆ ಸಾಕು. ಐನೂರು ಹಾಳೆಯ ಕಟ್ಟು ನನಗೆ ಸುಮಾರು ಮುನ್ನೂರಕ್ಕೆ ಸಿಕ್ಕಿತು, ಅಂದರೆ ಹಾಳೆಗೆ ಅರವತ್ತು ಪೈಸೆ. ಮಸಿ ಸ್ವಲ್ಪ ಕುಡಿಯುತ್ತದೆ, ನಿಬ್ಬು ತೆಳ್ಳಗಿದ್ದರೆ ತೊಂದರೆ ಇಲ್ಲ. ಒಂದು ಹಾಳೆ 4.7 ಗ್ರಾಂ ತೂಗುತ್ತದೆ. ಮೂರು ಹಾಳೆ, ಒಂದು ತೆಳು ಪಾಕೀಟು, ಒಟ್ಟು 20ರ ಒಳಗೆ. ನಾಲ್ಕನೆಯ ಹಾಳೆ ಇಟ್ಟರೆ ದಂಡ. ಪ್ರಿಂಟಿಂಗ್ ಪ್ರೆಸ್ಸಿನವರು ಕತ್ತರಿಸಿ ಉಳಿದ ಕಾಗದದ ಪಟ್ಟಿಗಳನ್ನು ಅಂಟಿಸಿ ಪ್ಯಾಡು ಮಾಡಿ ಕೊಡುತ್ತಾರೆ, ಕೇಳಿದರೆ. ಅದು ಇನ್ನೂ ಅಗ್ಗ.

ಇನ್ನು ಕಾಕಾನ ಮಾತು. ಆ ಪತ್ರಕ್ಕೆ ಅವರು ಉತ್ತರ ಬರೆದಿರಲಿಲ್ಲ. ಎರಡು ತಿಂಗಳು ಕಾದಿದ್ದೆ. ಬರೆಯುವುದು ಬಿಟ್ಟಿರಬೇಕು, ವಯಸ್ಸಾಯಿತು ಅಂತ ನಾನೇ ಅಂದುಕೊಂಡಿದ್ದೆ. ಹಾಗೆ ಅಂದುಕೊಳ್ಳಬಾರದಿತ್ತು. ನಾನು ಹುಬ್ಬಳ್ಳಿಯಲ್ಲಿ ಹಾಸ್ಟೆಲಿನಲ್ಲಿದ್ದಾಗ, ಮೊಬೈಲು ಬಂದ ಮೇಲೂ, ತಿಂಗಳಿಗೊಂದು ಕಾರ್ಡು ತಪ್ಪದೆ ಹಾಕುತ್ತಿದ್ದವರು ಅವರು. ಕಾರ್ಡಿನ ಅರ್ಧ ವಿಳಾಸಕ್ಕೆ ಹೋದರೆ ಉಳಿದರ್ಧದಲ್ಲೂ ಹಿಂಬದಿಯಲ್ಲೂ ಗೋವಿನಜೋಳ, ಮಳೆ, ಎಮ್ಮೆ, ಬಂಕಾಪುರದ ಕೋಟೆಯ ನವಿಲು ಹೊಲಕ್ಕೆ ಬಂದದ್ದು, ನನ್ನ ಮಾರ್ಕ್ಸು, ಎಲ್ಲ ಹಿಡಿಸುತ್ತಿದ್ದರು.

"ಮತ್ತ ಉತ್ತರಾ ಯಾಕ ಬರೀಲಿಲ್ರಿ ಕಾಕಾ?" ಅಂತ ಕೇಳಿದೆ.

"ಇಂಥಾ ಹಾಳಿಗೆ ನಮ್ಮ ಮನ್ಯಾಗಿನ ಹಾಳ್ಯಾಗ ಹೆಂಗ ಉತ್ತರಾ ಬರೀಲೋ? ಶಿಗ್ಗಾಂವಿಗೆ ಹೋದಾಗ ಎರಡ ಅಂಗಡ್ಯಾಗ ಕೇಳಿದೆ. ಇಂಥಾವು ಇಲ್ರಿ ಸರ, ಮದವಿ ಕಾರ್ಡಿನ ಪಾಕೀಟ ಅದಾವ, ಕೊಡ್ಲೇನು ಅಂದ್ರು."

ನಕ್ಕರು. ನಾನೂ ನಕ್ಕೆ. ರಾತ್ರಿ ನಿದ್ದೆ ಬರಲಿಲ್ಲ.

ಊರಲ್ಲಿ ಮುಯ್ಯಿ ಅನ್ನುವುದು ಒಂದಿದೆ. ಮದುವೆಯಲ್ಲಿ ನೀವು ಹಾಕಿದ್ದನ್ನು ಬರೆದಿಟ್ಟುಕೊಂಡು ನಿಮ್ಮ ಮನೆಯ ಕಾರ್ಯಕ್ಕೆ ಅಷ್ಟನ್ನಾದರೂ ವಾಪಸ್ ಹಾಕುತ್ತಾರೆ. ಹಾಕಲು ಆಗದವರು ಬರುವುದನ್ನೇ ಬಿಡುತ್ತಾರೆ. ಪತ್ರವೂ ಅಂಥದ್ದೇ. ಎಂಬತ್ತು ರೂಪಾಯಿ ಹಾಳೆ, ಪಾಕೀಟು, ಅರಗು ಸುರಿದು ಪತ್ರ ಕಳಿಸಿದರೆ ಆಚೆಯವರಿಗೆ ಅಷ್ಟರದ್ದೊಂದು ಸಾಲ ಹೊರಿಸಿದ ಹಾಗೆ. ನಾನು ಪ್ರೀತಿಯಿಂದ ಕಳಿಸಿದ್ದೆ, ಸುಳ್ಳಲ್ಲ. ಆದರೆ ಆ ಪಾಕೀಟನ್ನು ಹಾಕುವ ಮುಂಚೆ ಅದರ ಫೋಟೋ ತೆಗೆದು ಗೆಳೆಯರಿಗೆ ಕಳಿಸಿದ್ದೆ ಅನ್ನುವುದೂ ಸುಳ್ಳಲ್ಲ. ಕಾಕಾನಿಗಿಂತ ಮುಂಚೆ ಪತ್ರವನ್ನು ನೋಡಿದವರು ಇಪ್ಪತ್ತೆರಡು ಜನ.

ಪಡೆಯುವವರು ದುಡ್ಡು ಕೊಡುವ ಪದ್ಧತಿ ಹೊಸದೇನಲ್ಲ ಬಿಡಿ. ಇಂಗ್ಲೆಂಡಿನಲ್ಲಿ 1840ಕ್ಕಿಂತ ಮುಂಚೆ ಸಾಮಾನ್ಯವಾಗಿ ಹಾಗೇ ಇತ್ತು. ದೂರದ ಮೇಲೆ ಮತ್ತು ಹಾಳೆ ಎಷ್ಟು ಅನ್ನುವುದರ ಮೇಲೆ ದರ. ಆಚೆಯವರಿಗೆ ಖರ್ಚಾಗಬಾರದು ಎಂದು ಜನ ಒಂದೇ ಹಾಳೆಯಲ್ಲಿ ಬರೆದು ಮುಗಿಸಿ, ಹಾಳೆಯನ್ನು ಅಡ್ಡ ತಿರುಗಿಸಿ ಅದೇ ಸಾಲುಗಳ ಮೇಲೆ ಮತ್ತೆ ಬರೆಯುತ್ತಿದ್ದರು, ಬಲೆಯ ಹಾಗೆ. ಓದುವವರ ಕಣ್ಣಿಗೆ ಕಷ್ಟ, ಜೇಬಿಗೆ ಸುಖ. ನಮ್ಮಲ್ಲಿ 1854ರಲ್ಲಿ ದೇಶಕ್ಕೆಲ್ಲ ಒಂದೇ ದರ ಬಂದಾಗ ಅರ್ಧ ಆಣೆಗೆ ಕಳಿಸಬಹುದಾಗಿದ್ದ ತೂಕ ಕಾಲು ತೊಲ. ಅಂದರೆ ಮೂರು ಗ್ರಾಮಿಗೂ ಕಡಿಮೆ. ನನ್ನ ಅರಗಿನ ಮುದ್ರೆ ಒಂದೇ ಎರಡು ಗ್ರಾಂ! 1879ರಲ್ಲಿ ಕಾಲು ಆಣೆಯ ಕಾರ್ಡು ಬಂತು. ಅದರಲ್ಲಿ ಹಾಳೆ, ಪಾಕೀಟು, ಸ್ಟ್ಯಾಂಪು ಮೂರೂ ಒಂದೇ, ಬರೆಯುವ ಜಾಗವೂ ಅಳತೆ ಮಾಡಿ ಕೊಟ್ಟದ್ದು. ಕಾರ್ಡು ಬರೆಯುವ ಬಡವನಿಗೂ ಸಾಹುಕಾರನಿಗೂ ಅದೇ ಕಾರ್ಡು. ಉತ್ತರಕ್ಕೂ ಅದೇ.

ಹಾಗಂತ ಐವತ್ತು ಪೈಸೆ ಅಂತ ಕಾರ್ಡನ್ನು ಹೊಗಳುವವರೂ ಸ್ವಲ್ಪ ತಡೆಯಬೇಕು. ಒಂದು ಕಾರ್ಡನ್ನು ಮುಟ್ಟಿಸುವುದಕ್ಕೆ ಅಂಚೆ ಇಲಾಖೆಗೆ ಹನ್ನೆರಡು ರೂಪಾಯಿಯ ಸುಮಾರು ಬೀಳುತ್ತದೆ ಎಂದು ಅವರದೇ 2010ರ ದಶಕದ ಕೊನೆಯ ವಾರ್ಷಿಕ ವರದಿಗಳಲ್ಲಿತ್ತು. ಉಳಿದದ್ದು ಸರಕಾರದ ಕಡೆಯಿಂದ, ಅಂದರೆ ನಿಮ್ಮ ನಮ್ಮ ಕಡೆಯಿಂದ. ತಿಂಗಳಿಗೆ ಇಷ್ಟು ಸಂಬಳ ಎಣಿಸುವ ನಾವು ಉಳಿತಾಯದ ಹೆಸರಲ್ಲಿ ಬರೀ ಕಾರ್ಡು ಹಾಕುತ್ತ ಕೂತರೆ ಅದೂ ಒಂದು ಥರದ ಜಿಪುಣತನವೇ. ಅದಕ್ಕೆ ನಾನು ಇನ್‌ಲೆಂಡಿಗೆ ಬಂದು ನಿಂತಿದ್ದೇನೆ. ಎರಡೂವರೆ ರೂಪಾಯಿ. ಒಳಗೆ ಏನೂ ಇಡುವ ಹಾಗಿಲ್ಲ ಎಂದು ಅದರ ಮೇಲೇ ಅಚ್ಚಾಗಿರುತ್ತದೆ, ಹಾಗಾಗಿ ಒಣಗಿದ ಹೂವು, ಸ್ಟಿಕ್ಕರು ಯಾವುದರ ಗೊಡವೆಯೂ ಇಲ್ಲ. ಟೇಪಿಗೂ ಅರಗಿಗೂ ಕೆಲಸವಿಲ್ಲ. ಹತ್ತು ರೂಪಾಯಿ ಬಾಲ್‌ಪೆನ್ನು ಸಾಕು.

ಅಂಚೆ ಇಲಾಖೆಯವರು 2017ರಿಂದ 'ಢಾಯೀ ಆಖರ್' ಅಂತ ಪತ್ರ ಬರೆಯುವ ಸ್ಪರ್ಧೆ ನಡೆಸುತ್ತಾರೆ. ಇನ್‌ಲೆಂಡಿನಲ್ಲಾದರೆ 500 ಪದ, ಪಾಕೀಟಿನಲ್ಲಿ ಎ4 ಹಾಳೆಯಾದರೆ 1,000 ಪದ. ಮಿತಿ ಇಟ್ಟದ್ದು ಒಳ್ಳೆಯದು, ಸಾದಾ ಹಾಳೆ ಅಂದದ್ದು ಇನ್ನೂ ಒಳ್ಳೆಯದು. ನನಗೆ ಹಿಡಿಸದ್ದು ಬೇರೆ. ಮೊದಲ ವರ್ಷದ ವಿಷಯ ಬಾಪೂಗೆ ಪತ್ರ. ಗಾಂಧಿಯವರು ಜೀವನವಿಡೀ ಬಂದ ಪತ್ರಗಳಿಗೆ ಉತ್ತರ ಬರೆದವರು, ಕಾಗದದ ಚೂರನ್ನೂ ಬಿಡದೆ ಬಳಸಿದವರು. ಆದರೆ ಈಗ ಅವರಿಗೆ ಬರೆದರೆ ಉತ್ತರ ಬರುವ ಭಯವಿಲ್ಲ. ಅದು ಪತ್ರದ ವೇಷದ ಪ್ರಬಂಧ. ನನ್ನ ಮುದ್ರೆಯ ಪತ್ರವೂ ಹೆಚ್ಚುಕಡಿಮೆ ಅದೇ ಆಗಿತ್ತು. ನಾಲ್ಕು ಹಾಳೆಯಲ್ಲಿ ಪತ್ರ ಬರೆಯುವುದರ ಸೊಗಸಿನ ಬಗ್ಗೆ, ಮಸಿಯ ಬಣ್ಣದ ಬಗ್ಗೆ, ನಿಧಾನದ ಬದುಕಿನ ಬಗ್ಗೆ ಬರೆದಿದ್ದೆ. ಅವರ ಮೊಣಕಾಲು ನೋವು ಹೇಗಿದೆ ಅಂತ ಕೇಳಿರಲಿಲ್ಲ. ಊರಿಂದ ಬಂದ ಮೇಲೆ ಫೋಟೋದಲ್ಲಿದ್ದ ಆ ಹಾಳೆಗಳನ್ನು ಮತ್ತೆ ಓದಿದಾಗ ಗೊತ್ತಾಯಿತು. ಹನ್ನೆರಡು ರೂಪಾಯಿಯ ಹಾಳೆಯ ಮೇಲೆ ಮೊಣಕಾಲು ನೋವು ಬರೆಯಲು ಮನಸ್ಸಾಗುವುದಿಲ್ಲ, ಚೆಂದದ್ದನ್ನೇ ಬರೆಯಬೇಕು ಅನ್ನಿಸುತ್ತದೆ. ಹಾಳೆ ದುಬಾರಿಯಾದಷ್ಟೂ ಬರಹ ಸುಳ್ಳಾಗುತ್ತ ಹೋಯಿತು.

ದೀಪಾವಳಿ ಮುಗಿದ ಮರುವಾರ ಇಪ್ಪತ್ತೈದು ಇನ್‌ಲೆಂಡು ತಂದೆ. 62 ರೂಪಾಯಿ 50 ಪೈಸೆ. (ಒಟ್ಟಿಗೆ ಕೊಳ್ಳಬೇಡಿ ಅಂತ ಈಗಷ್ಟೇ ಹೇಳಿದವನು ನಾನೇ, ಗೊತ್ತು.) ಅದರಲ್ಲಿ ಹತ್ತನ್ನು ಕಾಕಾನಿಗೇ ಕಳಿಸಿದೆ, ಇಪ್ಪತ್ತರ ಬದಲು ಅರವತ್ತು ಗ್ರಾಮಿನ ಸ್ಟ್ಯಾಂಪು ಹಚ್ಚಿ, ಈ ಸಲ ತೂಕ ಮಾಡಿ. ಉಳಿದ ಹದಿನೈದರಲ್ಲಿ ಆರು ತಿಂಗಳಿಗೆ ಹನ್ನೊಂದು ಖರ್ಚಾಗಿವೆ. ಟೊಮೊಯೆ ರಿವರ್ ಪ್ಯಾಡನ್ನು ಆಫೀಸಿನ ಗೆಳೆಯನೊಬ್ಬನಿಗೆ ಕೊಟ್ಟೆ. ಅವನು ಚಿತ್ರ ಬಿಡಿಸುತ್ತಾನೆ.

ಕಾಕಾನ ಮೊದಲ ಇನ್‌ಲೆಂಡು ಒಂಬತ್ತು ದಿನಕ್ಕೆ ಬಂತು. ಮೂರು ಮಡಿಕೆಯೂ ತುಂಬಿ, ಅಂಟಿಸುವ ಅಂಚಿನವರೆಗೂ ಬರೆದಿದ್ದರು. ಬೋರಿನ ಮೋಟಾರು ಸುಟ್ಟದ್ದು, ಗೋವಿನಜೋಳದ ರೇಟು, ಶಾಲೆಯ ಹಳೇ ಶಿಷ್ಯನೊಬ್ಬ ಬಸ್ಸಿನಲ್ಲಿ ಸೀಟು ಬಿಟ್ಟುಕೊಟ್ಟದ್ದು. ಮೊಣಕಾಲಿಗೆ ಹುಬ್ಬಳ್ಳಿ ಡಾಕ್ಟರು ಏನಂದರು ಅನ್ನುವುದು ಎರಡನೇ ಮಡಿಕೆಯಲ್ಲಿದೆ, ಅದನ್ನು ಫೋನಿನಲ್ಲಿ ನಮ್ಮ ಯಾರಿಗೂ ಹೇಳಿರಲಿಲ್ಲ. ಆಪರೇಷನ್ ಅಂದಿದ್ದಾರಂತೆ. ಕೊನೆಗೆ ಜಾಗ ಸಾಲದೆ, ಅಡ್ಡ ತಿರುಗಿಸಿ, ಅಂಚಿನಲ್ಲಿ ಚಿಗವ್ವ ತನ್ನ ಅಕ್ಷರದಲ್ಲಿ ಎರಡು ಸಾಲು ಹಾಕಿದ್ದಾಳೆ: ನೀನಾದರೂ ಹೇಳು, ನಮ್ಮ ಮಾತು ಕೇಳೂದಿಲ್ಲ, ಪತ್ರಾ ಬರದು ಹೇಳು, ಪತ್ರಾ ಆದರ ಎರಡ ಸರ್ತಿ ಓದತಾರ.