ಎರಡು ಮೀನು, ಎರಡಾಣೆ

ಆಳುಪರ ಚಿನ್ನದ ನಾಣ್ಯದ ಫೋಟೊ ನೀವೂ ನೋಡಿರ್ತೀರಿ. ಕೊಡೆಯ ಕೆಳಗೆ ಎರಡು ಮೀನು, ಹಿಂಬದಿಯಲ್ಲಿ ‘ಶ್ರೀ ಪಾಂಡ್ಯ ಧನಂಜಯ’ ಎಂಬ ಬರಹ. ಉಡುಪಿ ಕಡೆಯ ಇತಿಹಾಸ ಯಾರೇ ಬರೆಯಲಿ, ಈ ಮೀನು ಬಂದೇ ಬರುತ್ತೆ. ಚಂದದ ಕೆಲಸ, ಒಪ್ಪಿದೆ. ಆದರೆ ಮೊನ್ನೆ ಮಲ್ಪೆ ಬಂದರಿನಲ್ಲಿ ನಿಂತು ಮೊಬೈಲಿನಲ್ಲಿ ಆ ಚಿತ್ರ ನೋಡುವಾಗ ನನ್ನ ತಕರಾರು ಶುರುವಾಯ್ತು. ಇದನ್ನು ಕೊಟ್ಟರೆ ಒಂದು ಬುಟ್ಟಿ ಬೂತಾಯಿಗೆ ಚಿಲ್ಲರೆ ಕೊಡೋರು ಯಾರು?

ವಿಜಯನಗರ ಕಾಲದ ಶಾಸನಗಳಲ್ಲಿ ಊರಿನ ಹೆಸರು ಹೊತ್ತು ಬರುವ ‘ಬಾರಕೂರು ಗದ್ಯಾಣ’ವೂ ಚಿನ್ನದ ಲೆಕ್ಕವೇ: ಭೂಮಿ, ದತ್ತಿ, ತೆರಿಗೆ. ಅದರ ಹತ್ತನೇ ಒಂದು ಪಾಲು ಹಣ, ಹಣದ ಕಾಲುಭಾಗ ಹಾಗ. ನಾಣ್ಯದ ಬಗೆಗಿನ ನಮ್ಮ ಬರಹಗಳು ಹಾಗದವರೆಗೆ ಇಳಿಯೋದೇ ಅಪರೂಪ. ರಾಜ ಯಾರು, ಲೋಹ ಯಾವುದು, ತೂಕ ಎಷ್ಟು ಅಂತ ಹೇಳಿ ಮುಗಿಸ್ತವೆ. ನಮ್ಮ ಆಫೀಸಿನ ಭಾಷೆಯಲ್ಲಿ, ಸ್ಪೆಕ್ ಇದೆ, ಯೂಸರ್ ಇಲ್ಲ.

ಉಡುಪಿಗೆ ಗುರುತಿನ ನಾಣ್ಯ ಬೇಕಂದ್ರೆ ನಾನು ಆರಿಸೋದು ಎರಡಾಣೆ. ಇಲ್ಲಿ ಟಂಕಿಸಿದ್ದಲ್ಲ, ಮೀನೂ ಇಲ್ಲ. ಇರೋದು ಐದನೇ ಜಾರ್ಜನ ತಲೆ. ಆದರೆ 1918ರಲ್ಲಿ ಬೆಳ್ಳಿ ಬಿಟ್ಟು ತಾಮ್ರ-ನಿಕ್ಕಲ್ ಮಿಶ್ರಲೋಹದಲ್ಲಿ ಬಂದಾಗ ಅದು ಚೌಕವಾಯ್ತು, ಮೂಲೆಗಳು ಮಾತ್ರ ದುಂಡಗೆ. ಕತ್ತಲಲ್ಲಿ ಬೆರಳಿಗೇ ಗೊತ್ತಾಗುವ ವಿನ್ಯಾಸ! ಕೊಡೆ-ಮೀನಿಗಿಂತ ಇದು ಬಳಸೋರನ್ನು ನೆನಪಿಟ್ಟುಕೊಂಡ ಕೆಲಸ ಅನ್ನಿಸುತ್ತೆ ನನಗೆ.

ಉಪೇಂದ್ರ ಅನಂತ ಪೈ, ಡಾ. ಟಿ.ಎಂ.ಎ. ಪೈ, ವಾಮನ ಕುಡ್ವ ಸೇರಿ 1925ರಲ್ಲಿ ಉಡುಪಿಯಲ್ಲಿ ಕಟ್ಟಿದ ಬ್ಯಾಂಕು (ಮುಂದೆ ಸಿಂಡಿಕೇಟ್ ಬ್ಯಾಂಕ್) 1928ರಲ್ಲಿ ಪಿಗ್ಮಿ ಠೇವಣಿ ಆರಂಭಿಸಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟು ಮನೆಬಾಗಿಲಿಗೇ ಬಂದು ಒಯ್ಯುತ್ತಿದ್ದ. ಎಂಟು ದಿನಕ್ಕೆ ಒಂದು ರೂಪಾಯಿ. ‘ಪಿಗ್ಮಿ’ ಅನ್ನೋ ಹೆಸರು ಇವತ್ತು ಕಿವಿಗೆ ಚುಚ್ಚುತ್ತೆ, ಬ್ಯಾಂಕಿಗೂ ಅದು ಬರೀ ಧರ್ಮಕಾರ್ಯ ಆಗಿರಲಿಲ್ಲ, ಠೇವಣಿ ಬೇಕಿತ್ತು. ಆದರೂ ದಿನಗೂಲಿಯವರ ಚಿಲ್ಲರೆ ಲೆಡ್ಜರಿನಲ್ಲಿ ಹೆಸರಿನ ಸಮೇತ ದಾಖಲಾಯ್ತು. ಯಾವ ಗದ್ಯಾಣ ಇಂಥವರ ಹೆಸರು ಬರೆಸಿತ್ತು, ಹೇಳಿ?

2020ರ ಏಪ್ರಿಲ್ 1ಕ್ಕೆ ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯ್ತು. ಬಂದರಿನಲ್ಲಿ ಅವತ್ತು ನನ್ನ ಗೂಗಲ್‌ಪೇ ಸುತ್ತುತ್ತಲೇ ಇತ್ತು. ಕೊನೆಗೆ ನೋಟು ಕೊಟ್ಟೆ. ಮೀನು ಮಾರುವ ಅಕ್ಕ ಸೆರಗಿನ ಗಂಟು ಬಿಚ್ಚಿ ನೋಡಿ, “ಚಿಲ್ಲರೆ ಇಜ್ಜಿ” ಅಂದು, ನನ್ನ ಚೀಲಕ್ಕೆ ಇನ್ನೆರಡು ಬಂಗುಡೆ ಹಾಕಿದರು.